ಮೆಟ್ಟಿಲು ಬಾರಿನಲ್ಲಿ ಶುಗರ್ ಟೆಸ್ಟ್

ಜುಲೈ 13, 2024, ಶನಿವಾರ
ಚಿಕ್ಕಮಗಳೂರು

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಹೋಗಿದ್ದೆ. ಮಾಮೂಲಿ ಲ್ಯಾಬಿನಲ್ಲಿ ರಶ್ಶು. ಮಳೆ ಬೇರೆ ಜೋರಾಯಿತು, ಮಾರ್ಕೆಟ್ ರೋಡಿನ ಹೊಸ ಲ್ಯಾಬಿಗೆ ನುಗ್ಗಿದೆ. ಛತ್ರಿ ಮಡಚಿ ಹತ್ತುವಾಗಲೇ ಕಾಲಿಗೆ ಗುರುತು ಸಿಕ್ಕಿತು. ಮೂರನೇ ಮೆಟ್ಟಿಲು ಮಾತ್ರ ಒಂದಿಷ್ಟು ಎತ್ತರ. ಅರೆ, ಇದು ಮೆಟ್ಟಿಲು ಬಾರ್!

ಬೋರ್ಡಿನಲ್ಲಿ ಬೇರೆ ಹೆಸರಿತ್ತು, ಯಾರೂ ಹಾಗೆ ಕರೆಯುತ್ತಿರಲಿಲ್ಲ. ಇಳಿಯುವವರೆಲ್ಲ ಆ ಮೂರನೇ ಮೆಟ್ಟಿಲಲ್ಲೇ ಮುಗ್ಗರಿಸುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಎಳೆದ ಶಟರ್, ಸೆಪ್ಟೆಂಬರಿನಲ್ಲಿ ಕೂತು ಕುಡಿಯಲು ಬಿಟ್ಟಾಗಲೂ ಏಳಲಿಲ್ಲ. ಈಗ ಒಳಗೆ ಬಿಳಿ ಗೋಡೆ, ಸ್ಪಿರಿಟ್ ವಾಸನೆ (ಅದೇನು ಹೊಸದಲ್ಲ ಬಿಡಿ). ಪ್ಲೈವುಡ್ ಕ್ಯಾಬಿನ್‌ಗಳನ್ನು ಮಾತ್ರ ಕಿತ್ತಿಲ್ಲ. ‘ಫ್ಯಾಮಿಲಿ ರೂಮ್’ ಅಂತ ಬರೆದಿದ್ದ, ಯಾವ ಫ್ಯಾಮಿಲಿಯೂ ಎಂದೂ ಕೂರದ ಕ್ಯಾಬಿನ್‌ಗಳು. ಅದರಲ್ಲೇ ಕೂರಿಸಿ ರಕ್ತ ತೆಗೆದರು. ಸೂಜಿ ನೋಡಬಾರದು ಅಂತ ಮುಖ ತಿರುಗಿಸಿದರೆ ಎದುರಿಗೆ ಸಪ್ಲೈಯರನ್ನು ಕರೆಯುವ ಬೆಲ್ಲಿನ ಸ್ವಿಚ್ಚು. ಮೇಲೆ ಪೇಂಟು ಬಳಿದಿದ್ದಾರೆ, ಆದರೂ ಎಷ್ಟೋ ಬೆರಳು ಒತ್ತಿ ಸವೆದ ಗುಳಿ ಹಾಗೇ ಇದೆ. ಸುಮ್ನೆ ಒತ್ತಿದೆ.

“ಅಲುಗಾಡಬೇಡಿ ಸರ್” ಅಂದಳು ಹುಡುಗಿ.

ಮಧ್ಯಾಹ್ನ ಅಪ್ಪನಿಗೆ ಹೇಳಿದೆ. ಕುಡಿತ ಬಿಟ್ಟು ಎಷ್ಟೋ ವರ್ಷ ಆಯಿತು, ಆದರೂ ಟಿವಿ ಆಫ್ ಮಾಡಿ ನೆಟ್ಟಗೆ ಕೂತರು. “ರಕ್ತ ತೆಗೆಯೋಕೆ ಸರಿಯಾದ ಜಾಗ ಮಾರಾಯ” ಅಂತ ನಕ್ಕು ಶುರು ಹಚ್ಚಿದರು ನೋಡಿ. ಕೋಟೆ ಕಡೆಯ ಸಾರಾಯಿ ಅಂಗಡಿ ಈಗ ಕೋಳಿ ಅಂಗಡಿ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತಲ್ಲ, ಹಿಂದಿನ ಸಂಜೆ ಅಲ್ಲಿ ಜಾತ್ರೆ ಸೇರಿದ ಹಾಗೆ ಜನ ಇತ್ತಂತೆ. ಬಸ್ ಸ್ಟ್ಯಾಂಡ್ ಹತ್ತಿರದ್ದು ಮೊಬೈಲ್ ಕವರ್ ಅಂಗಡಿ. ಕೆ.ಎಂ. ರೋಡಿನದ್ದು ಮಾತ್ರ ಅಪ್ಪನಿಗೆ ಇವತ್ತಿಗೂ ಹೊಟ್ಟೆ ಉರಿ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ, 2017ರ ಜುಲೈನಲ್ಲಿ ಅದೂ ಮುಚ್ಚಿತು. ಆಮೇಲೆ ಅದೇ ಕೋರ್ಟು ನಗರದೊಳಗೆ ಆ ನಿಯಮ ಇಲ್ಲ ಅಂತ ಸ್ಪಷ್ಟ ಮಾಡಿತು, ಅಷ್ಟರಲ್ಲಿ ಓನರ್ ಹೆದರಿ ಲೈಸೆನ್ಸ್ ಮಾರಿಬಿಟ್ಟಿದ್ದ. ಬಾರ್ ನಡೆಸೋಕೆ ಬೇಕಾದ ಸಿಎಲ್-9 ಲೈಸೆನ್ಸ್ ಆಗ ಹೊಸದಾಗಿ ಎಲ್ಲಿ ಸಿಗುತ್ತಿತ್ತು, ಇದ್ದವರ ಹತ್ತಿರವೇ ಕೊಳ್ಳಬೇಕಿತ್ತು, ಹಾಗಾಗಿ ಕಟ್ಟಡಕ್ಕಿಂತ ಆ ಕಾಗದಕ್ಕೇ ಬೆಲೆ ಜಾಸ್ತಿ ಇತ್ತು. ಆ ಜಾಗದಲ್ಲಿ ಈಗ ಮುಳ್ಳಯ್ಯನಗಿರಿಗೆ ಹೋಗುವ ಬೆಂಗಳೂರು ಹುಡುಗರಿಗೆ ಬೈಕ್ ಬಾಡಿಗೆ ಕೊಡುತ್ತಾರೆ.

ಶಾಲೆ ಮುಚ್ಚಿದರೆ ಹಳೇ ವಿದ್ಯಾರ್ಥಿಗಳು ಸೇರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಟಾಕೀಸು ಮುಚ್ಚಿದರೆ ಪೇಪರಿನಲ್ಲಿ ಬರುತ್ತದೆ. ಬಾರ್ ಮುಚ್ಚಿದರೆ ಬೇಜಾರಾಯಿತು ಅನ್ನೋಕೂ ನಾಚಿಕೆ, ಅಲ್ವಾ? ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಶನಿವಾರ ಬಟವಾಡೆ ಮುಗಿಸಿ ಪೇಟೆಗೆ ಬರುತ್ತಿದ್ದರು. ನಾನು ಅದೇ ಮೂರನೇ ಮೆಟ್ಟಿಲಲ್ಲಿ ಛತ್ರಿ ಹಿಡಿದು ಕಾಯುತ್ತಿದ್ದೆ. ಸಪ್ಲೈಯರ್ ಒಬ್ಬರು ಪೇಪರ್ ಪೊಟ್ಟಣದಲ್ಲಿ ಕಾಂಗ್ರೆಸ್ ಕಡ್ಲೆಬೀಜ ತಂದುಕೊಡುತ್ತಿದ್ದರು, ಬಿಲ್ಲಿಗೆ ಸೇರಿಸದೆ. ನನಗೆ ಆ ಶನಿವಾರಗಳು ಇಷ್ಟವೇ ಆಗಿದ್ದವು. ಇದನ್ನು ಮನೆಯಲ್ಲಿ ಎಂದೂ ಹೇಳಿಲ್ಲ.

ಇವತ್ತು ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, “ಅಲ್ಲಿ ನಂದೂ ಎರಡು ಬಳೆ ಇದಾವೆ, ಸಿಕ್ರೆ ತಗೊಂಡ್ ಬಾ” ಅಂದಳು. ಸಿಟ್ಟೇನಿಲ್ಲ, ಅಂಗಡಿಯಿಂದ ಕೊತ್ತಂಬರಿ ತಾ ಅನ್ನುವ ದನಿ.

ಅಪ್ಪ ಟಿವಿ ಹಾಕಿದರು.

ಊಟ ಆಗುವವರೆಗೂ ಮಾತಿಲ್ಲ. ಆಮೇಲೆ ಕೈ ತೊಳೆಯುವಾಗ ನನ್ನ ಪಕ್ಕ ಬಂದು ಮೆಲ್ಲಗೆ, “ಹಿಂದುಗಡೆ ಒಂದು ಸೀಬೆ ಮರ ಇತ್ತು. ಇದೆಯಾ?”

ನೋಡಲಿಲ್ಲ ಅಂದೆ. ಸೋಮವಾರ ರಿಪೋರ್ಟ್ ತರಬೇಕು, ಶುಗರ್ ಎಷ್ಟಿರುತ್ತೋ. ಹಿಂದುಗಡೆಗೆ ಸುಮ್ನೆ ಬಿಡಲ್ಲ ಅನ್ಸುತ್ತೆ, ಬಾತ್‌ರೂಮ್ ಎಲ್ಲಿದೆ ಅಂತ ಕೇಳಿಕೊಂಡು ಹೋದರೆ...