ಒಳಗಿನ ಮಾತು

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಗುಂಯ್ ಅಂತಿದೆ. "ಅದು ಒಳಗಿನ ಮಾತದ್ರಿ ಮೇಡಂ, ಹೊರಗ ಕೊಡಂಗಿಲ್ಲ."

ಕಲಬುರಗಿಯ ನಮ್ಮ ಮನೆಯ ಮೇಲಿನ ರೂಮಿನಲ್ಲಿ ನಾಲ್ಕು ಹುಡುಗಿಯರು ಬಾಡಿಗೆಗೆ ಇದ್ದಾರೆ. ನಾಲ್ವರಿಗೆ ಒಂದೇ ಫ್ಯಾನು. ಬೈಕೋಬೇಡಿ, ಇನ್ನೊಂದು ಹಾಕಿಸ್ತೀನಿ. ಅವರಲ್ಲಿ ಸೇಡಂ ಕಡೆಯವಳೊಬ್ಬಳು ಎಂ.ಎ. ಓದುತ್ತಾಳೆ. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ, ಅವಳ ಪರೀಕ್ಷೆ ಇನ್ನೂ ಬಾಕಿ ಇದೆ. ಅಲ್ಲಿಯ ಗ್ರಂಥಾಲಯದಲ್ಲಿ ರಾತ್ರಿ 9ರ ತನಕ ಕೂತು ಓದಿ ಬರುತ್ತಿದ್ದಳು. ಹೋದ ವಾರ ಅಲ್ಲಿಯ ಬಾಗಿಲಿಗೆ ಒಂದು ಚೀಟಿ ಬಿತ್ತು. "ಸಭೆಯ ನಿರ್ಣಯದಂತೆ ಸಂಜೆ 6ಕ್ಕೆ ಮುಚ್ಚಲಾಗುವುದು." ಯಾವ ಸಭೆ, ಯಾವ ತಾರೀಕು, ಯಾಕೆ, ಒಂದೂ ಇಲ್ಲ. ಹಳೆಯ ಚೀಟಿಯ ಮೇಲೇ ತೆಳ್ಳಗೆ ಅಂಟಿಸಿದ್ದರು. 6ರ ಹಿಂದೆ ಹಳೆಯ 9 ಮಸುಕಾಗಿ ಕಾಣುತ್ತಿತ್ತು.

"ಆಂಟಿ, ಆ ಸಭೆಯೊಳಗ ಅಲ್ಲಿ ಕೂತು ಓದೋರು ಒಬ್ರಾದ್ರೂ ಇದ್ರೇನ್ರಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಿ ಕೇಳೋಣ ನಡಿ ಅಂದೆ.

ವಿಶ್ವವಿದ್ಯಾಲಯದ ಕಚೇರಿಯ ಶಾಖೆಯಲ್ಲಿದ್ದವನಿಗೆ ಮೂವತ್ತೈದು ಇರಬಹುದು. ಪಾಪ, ಮರ್ಯಾದೆಯಿಂದಲೇ ಮಾತಾಡಿದ. ಆ ಸಭೆಯ ನಡಾವಳಿ, ಅಂದರೆ ಅಲ್ಲಿ ಏನು ಮಾತಾಯಿತು ಅಂತ ಬರೆದಿಟ್ಟಿದ್ದು, ನೋಡಬೇಕಿತ್ತು ಅಂದೆ. ಅವನು ನನ್ನ ಮುಖ ನೋಡಿದ, ಹಿಂದಿನ ಕಪಾಟು ನೋಡಿದ, ಆಮೇಲೆ ಆ ಮಾತು ಹೇಳಿದ. ಒಳಗಿನ ಮಾತು. ಕಪಾಟಿನ ಮೇಲೆ ಬಸವಣ್ಣನ ಫೋಟೊ ಇತ್ತು. 2024ರಲ್ಲಿ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿದ ಮೇಲೆ ಎಲ್ಲ ಸರ್ಕಾರಿ ಕಚೇರಿಗಳಲ್ಲೂ ಹಾಕಿದರಲ್ಲ, ಅದೇ.

ಪಕ್ಕದ ಕುರ್ಚಿಯಲ್ಲಿ ಪ್ರಾಧ್ಯಾಪಕರೊಬ್ಬರು ಚಹಾ ಕುಡಿಯುತ್ತಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ. "ಹಿಂಗ ಎಲ್ಲದಕ್ಕೂ ಹುಡುಗರನ್ನ ಕೇಳಿಕೋತ ಕುಂತ್ರ ಆಡಳಿತ ನಡಿತದೇನ್ರಿ?" ಅಂತ ನಕ್ಕರು. ನನಗೆ ಅವರ ಗುರುತು ಸಿಕ್ಕಿತು. ಬಸವ ಜಯಂತಿಗೆ ನಮ್ಮ ಬಡಾವಣೆಗೆ ಬಂದು ಅನುಭವ ಮಂಟಪದ ಬಗ್ಗೆ ಒಂದು ತಾಸು ಮಾತಾಡಿದವರು. ಜಗತ್ತಿನ ಮೊದಲ ಸಂಸತ್ತು, ಅಲ್ಲಿ ಮಾದಾರ ಚೆನ್ನಯ್ಯನಿಗೂ ಮಾತಿತ್ತು, ಅಕ್ಕಮಹಾದೇವಿಗೂ ಮಾತಿತ್ತು ಅಂದಿದ್ದರು. ಒಳ್ಳೆಯ ಮಾತುಗಾರರು, ಇಲ್ಲ ಅನ್ನಲ್ಲ. ನಾನೇ ಚಪ್ಪಾಳೆ ಹೊಡೆದಿದ್ದೆ. ಈಗ ಅದಕ್ಕೇ ಸಿಟ್ಟು ಜಾಸ್ತಿ.

ಒಳಗಿನ ಮಾತು ಅಂದರೆ ಏನು? ಎರಡು ವರ್ಷ ಫೀಸು ಕಟ್ಟಿ ಅಲ್ಲೇ ಕೂತು ಓದಿದ ಹುಡುಗಿ ಹೊರಗಿನವಳು. ಆಗೊಮ್ಮೆ ಈಗೊಮ್ಮೆ ಬಂದು ಸಹಿ ಹಾಕಿ ಹೋಗುವವರು ಒಳಗಿನವರು. ಮೊದಲು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸೆನೆಟ್ ಅಂತ ಒಂದು ದೊಡ್ಡ ಸಭೆ ಇರುತ್ತಿತ್ತು. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಬಂದಾಗ ಅದು ಹೋಯಿತು. ಈಗ ದೊಡ್ಡ ಮಾತೆಲ್ಲ ಸಿಂಡಿಕೇಟ್ ಅನ್ನೋ ಆಡಳಿತ ಮಂಡಳಿಯಲ್ಲಿ. ಅಲ್ಲಿ ಕುಲಪತಿ ಇರುತ್ತಾರೆ, ಸರ್ಕಾರ ಕಳಿಸಿದವರು ಇರುತ್ತಾರೆ, ರಾಜ್ಯಪಾಲರು ಕಳಿಸಿದವರು ಇರುತ್ತಾರೆ. ಇರಲಿ, ಬೇಡ ಅನ್ನಲ್ಲ. ಕೂತು ಏನು ಮಾತಾಡಿದಿರಿ ಅಂತ ಒಂದು ಹಾಳೆ ಬಾಗಿಲಿಗೆ ಅಂಟಿಸೋಕೆ ಏನು ಖರ್ಚು? ಚೀಟಿ ಅಂಟಿಸೋಕೆ ಗೋಂದು ಇತ್ತಲ್ವಾ?

ತಮಾಷೆ ಅಂದರೆ, ನಡಾವಳಿ ಸಿಗುತ್ತದಾ ಇಲ್ಲವಾ ಅನ್ನೋದನ್ನ ನಾವು ಹೋಗಿ ಕೇಳಬೇಕಾಗಿಯೇ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ನೋಡಿ. ಯಾವ ಯಾವ ಮಂಡಳಿ, ಸಮಿತಿ ಇವೆ, ಅವುಗಳ ಸಭೆಗೆ ಜನ ಹೋಗಬಹುದಾ, ನಡಾವಳಿ ಜನರಿಗೆ ಸಿಗುತ್ತದಾ ಅಂತ ಕಚೇರಿಯೇ ಪ್ರಕಟಿಸಬೇಕು. ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಸುಮ್ನೆ ಜಗಳ ಯಾಕೆ ಅಂತ ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆವು. ಹುಡುಗಿಯ ಅಕ್ಷರ ಚೆಂದ, ಅವಳೇ ಬರೆದಳು. 10 ರೂಪಾಯಿಯ ಪೋಸ್ಟಲ್ ಆರ್ಡರ್ ತಂದು ಲಗತ್ತಿಸಿದೆ. ಟಪಾಲಿನಲ್ಲಿ ಸೀಲು ಹೊಡೆಸಿಕೊಂಡು ಹೊರಗೆ ಬಂದಾಗ ಎರಡೂವರೆ. ಬಿಸಿಲಿಗೆ ಗಾಡಿಯ ಸೀಟು ಕಾದ ಹಂಚಿನ ಹಾಗಿತ್ತು.

ಹಿಂದಿನಿಂದ ಆ ಶಾಖೆಯ ಹುಡುಗ ಓಡಿ ಬಂದ. ಏನೋ ತಪ್ಪಾಯ್ತೇನೋ ಅಂದುಕೊಂಡೆ.

"ಮೇಡಂ, ಆ ನಡಾವಳಿ ಬಂದ್ರ ನನಗೂ ಒಂದು ಝೆರಾಕ್ಸ್ ಕೊಡ್ರಿ. ನಾ ಗುತ್ತಿಗಿ ಮ್ಯಾಲ ಇದ್ದೀನಿ. ನಮ್ಮ ಪಗಾರದ್ದೂ ಅದೇ ಮೀಟಿಂಗ್‌ನಾಗ ಆಗ್ಯಾದ ಅಂತಾರ. ಏನಾಗ್ಯಾದೋ ಗೊತ್ತಿಲ್ಲ."

ಪುಟಕ್ಕೆ 2 ರೂಪಾಯಿ ಬೀಳುತ್ತದೆ. ನಿನ್ನ ಪ್ರತಿಯ ದುಡ್ಡು ನಾನೇ ಕೊಡ್ತೀನಿ ತಗೋ ಅಂದೆ.