ಕನ್ನಡದ ಕಿವಿಗೆ ಜಾರ್ಜಿಯನ್ ಮತ್ತು ಅಮ್ಹಾರಿಕ್

ಕಂಪ್ಯೂಟರ್ ಎಂಬ ಪದ ಜಾರ್ಜಿಯಾಕ್ಕೂ ಹೋಗಿದೆ, ಇಥಿಯೋಪಿಯಾಕ್ಕೂ ಹೋಗಿದೆ. ಜಾರ್ಜಿಯನ್ನರು ಅದರ ಕ, ಪ, ತ ಮೂರನ್ನೂ ಗಂಟಲು ಬಿಗಿದು ಸಿಡಿಸುವ ಅಕ್ಷರಗಳಲ್ಲಿ ಬರೆಯುತ್ತಾರೆ. ಅಮ್ಹಾರಿಕ್‌ನಲ್ಲಿ ಅದೇ ಪದಕ್ಕೆ ಸಾದಾ ಅಕ್ಷರಗಳು. ಸಾದಾ ಕ, ಬಿಗಿ ಕ ಎರಡೂ ಎರಡು ಭಾಷೆಗಳಲ್ಲೂ ಇವೆ. ಆದರೆ ಹೊರಗಿನಿಂದ ಬಂದ ಕ ಒಂದು ಕಡೆ ಬಿಗಿಯ ಪಾಲಾಗಿದೆ, ಇನ್ನೊಂದು ಕಡೆ ಸಾದಾದ ಪಾಲಾಗಿದೆ. ಹೋಲಿಕೆಯನ್ನು ಇಲ್ಲಿಂದ ಶುರುಮಾಡುವುದೇ ಒಳ್ಳೆಯದು. ಯಾಕೆಂದರೆ ಈ ಎರಡಕ್ಕೂ ರಕ್ತಸಂಬಂಧವಿಲ್ಲ. ಜಾರ್ಜಿಯನ್ ಭಾಷೆಗೆ ಮಿಂಗ್ರೇಲಿಯನ್, ಲಾಜ್, ಸ್ವಾನ್ ಬಿಟ್ಟರೆ ಬೇರೆ ನೆಂಟರಿಲ್ಲ. ಅಮ್ಹಾರಿಕ್ ಅರಬ್ಬಿ, ಹೀಬ್ರೂಗಳ ಸೆಮಿಟಿಕ್ ಕುಲದ್ದು. ಬಿಗಿ ವ್ಯಂಜನ ಎರಡರಲ್ಲೂ ಇರುವುದರಿಂದ ಕೇಳುವವರಿಗೆ ಹತ್ತಿರದವು ಅನಿಸುತ್ತವೆ, ಅಷ್ಟೇ.

ಬಿಗಿ ವ್ಯಂಜನವನ್ನು (ಮುಂದೆ ' ಗುರುತಿನಿಂದ ತೋರಿಸುತ್ತೇನೆ) ಹೊರಡಿಸುವುದು ಹೀಗೆ: ಉಸಿರು ಕಟ್ಟಿ, ಬಾಯಲ್ಲಿ ಕ ಜಾಗವನ್ನು ಮುಚ್ಚಿ, ಗಂಟಲಮಣಿಯನ್ನು ತುಸು ಮೇಲೆತ್ತಿ, ಶ್ವಾಸಕೋಶದ ಗಾಳಿ ಬಿಡದೆ ಬಾಯಿಯದನ್ನಷ್ಟೇ ಸಿಡಿಸಬೇಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಖ ಎನ್ನುವಾಗ ಗಾಳಿ ತಾಗುತ್ತದೆ, ಕ' ಎನ್ನುವಾಗ ತಾಗಬಾರದು. ಜಾರ್ಜಿಯನ್‌ನಲ್ಲಿ ಇಂಥವು ಆರು, ಅಮ್ಹಾರಿಕ್‌ನಲ್ಲಿ ಐದು.

ಜಾರ್ಜಿಯನ್ನಿನ ಬಿಗಿಯಲ್ಲದ ಅಘೋಷ ವ್ಯಂಜನಗಳು ಹೆಚ್ಚುಕಡಿಮೆ ನಮ್ಮ ಮಹಾಪ್ರಾಣಗಳೇ. 'ಖಾರಿ' ಅಂದರೆ ಗಾಳಿ, 'ಕಾ'ರಿ' ಅಂದರೆ ಬಾಗಿಲು. 'ದಾರಿ' ಅಂದರೆ ಒಳ್ಳೆಯ ಹವೆ, 'ಥಾರಿ' ಒಂದು ತಂತಿವಾದ್ಯ, 'ತಾ'ರಿ' ಹಿಡಿಕೆ. ಹಾಗಾಗಿ ಕನ್ನಡಿಗರ ಅಲ್ಪಪ್ರಾಣ ಕ ಅಲ್ಲಿ ಬಿಗಿ ಕ' ಆಗಿಯೇ ದಾಟಿಹೋಗುತ್ತದೆ. ಮಹಾಪ್ರಾಣವನ್ನು ಸಡಿಲ ಬಿಟ್ಟರೆ ಮಾತ್ರ ಗಾಳಿಯ ಬದಲು ಬಾಗಿಲು ಕೇಳಿಸುತ್ತದೆ. ಅಮ್ಹಾರಿಕ್‌ನಲ್ಲಿ ಈ ಲೆಕ್ಕ ತಿರುಗುಮುರುಗು. 'ಮತ್ತಾ' ಅಂದರೆ ಹೊಡೆದ, 'ಮತ್ತಾ'' ಅಂದರೆ ಬಂದ. ನಮ್ಮ ತ ಅಲ್ಲಿ ಸಾದಾ ತ. ಬಿಗಿಯದನ್ನು ಬೇಕೆಂದೇ ಸಿಡಿಸದಿದ್ದರೆ ಬಂದವನು ಹೊಡೆದವನಾಗುತ್ತಾನೆ. ಒಂದು ಭಾಷೆಯಲ್ಲಿ ಕೂಡಿಸಿಕೊಂಡ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೇ ಒಯ್ಯುವಂತಿಲ್ಲ.

ಲಿಪಿಯಲ್ಲಿ ಮೋಸಹೋಗುವುದು ಇನ್ನೂ ಸುಲಭ. ಅಮ್ಹಾರಿಕ್‌ನ ಫಿದೆಲ್ ನೋಡಿದ ಕೂಡಲೇ ನಮ್ಮ ಕಾಗುಣಿತದ ನೆನಪಾಗುತ್ತದೆ: 33 ಮೂಲಾಕ್ಷರ, ಪ್ರತಿಯೊಂದಕ್ಕೂ 7 ಸ್ವರರೂಪ, ಒಟ್ಟು 231. ಮೊದಲ ರೂಪದ ಸ್ವರ ನಮ್ಮ ಅಕಾರಕ್ಕೆ, ನಾಲ್ಕನೆಯದು ಆಕಾರಕ್ಕೆ ಹತ್ತಿರ. ಆದರೆ ಅಲ್ಲಿ ಒತ್ತಕ್ಷರವಿಲ್ಲ, ಅರ್ಧಾಕ್ಷರದ ಗುರುತೂ ಇಲ್ಲ. ಆರನೆಯ ರೂಪವನ್ನು ಒಮ್ಮೆ ಇ-ಉಗಳ ನಡುವಿನ ಒಂದು ಸ್ವರದೊಂದಿಗೆ, ಇನ್ನೊಮ್ಮೆ ಬರೀ ವ್ಯಂಜನವಾಗಿ ಓದಬೇಕು. ಕಿತ್ತಳೆಹಣ್ಣಿಗೆ 'ಬಿರ್ತುಕಾನ್' ಎನ್ನುತ್ತಾರೆ. ಅದರ ಬಿ, ರ್, ನ್ ಮೂರೂ ಅದೇ ಆರನೆಯ ರೂಪದಲ್ಲಿವೆ. ದ್ವಿತ್ವವನ್ನೂ ಬರೆಯುವುದಿಲ್ಲ. 'ಅಲ' ಅಂದರೆ ಎಂದ, 'ಅಲ್ಲ' ಅಂದರೆ ಇದ್ದಾನೆ, ಬರಹ ಒಂದೇ. 'ಗನಾ' ಎಂದರೆ ಇನ್ನೂ, 'ಗನ್ನಾ' ಎಂದರೆ ಕ್ರಿಸ್‌ಮಸ್, ಅದಕ್ಕೂ ಬರಹ ಒಂದೇ. ಬರೆದಂತೆ ಓದಿ ಬೆಳೆದ ನಮಗೆ ಇದು ನಿಜವಾದ ತೊಡಕು. ಪದ ಕಲಿಯುವಾಗಲೇ ದ್ವಿತ್ವವನ್ನು ಕಿವಿಯಿಂದ ಹಿಡಿದು, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ನಮ್ಮ ಒತ್ತಕ್ಷರದಷ್ಟು ಒದಗುವ ಸಾಧನ ಬೇರೆ ಇಲ್ಲ. ಇಂದಿನ ಜಾರ್ಜಿಯನ್ ವರ್ಣಮಾಲೆಯಲ್ಲೂ 33 ಅಕ್ಷರಗಳೇ, ಆದರೆ ಅಕ್ಷರಕ್ಕೊಂದೇ ಧ್ವನಿ, ಧ್ವನಿಗೊಂದೇ ಅಕ್ಷರ. ಓದಲು ಕಲಿಯುವುದು ಬೇಗ ಮುಗಿಯುತ್ತದೆ. ಕಷ್ಟವಿರುವುದು ನಡುವೆ ಸ್ವರವೇ ಇಲ್ಲದ ವ್ಯಂಜನಗಳ ಸಾಲಿನಲ್ಲಿ. 'ಮ್ತ್ಸ್'ವ್ರ್ಥ್‌ನೆಲಿ' (ತರಬೇತುದಾರ) ಎನ್ನುವಾಗ ಮಧ್ಯೆ ಉಕಾರ ತೂರಿಸುವುದು ನಮ್ಮವರ ಮೊದಲ ತಪ್ಪು.

ಕ್ರಿಯಾಪದಕ್ಕೆ ಬಂದರೆ ಅಮ್ಹಾರಿಕ್‌ನಲ್ಲಿ ಧಾತು ಅಂದರೆ ವ್ಯಂಜನಗಳ ಎಲುಬುಗೂಡು. ಸ-ಬ-ರ ಎಂದರೆ ಮುರಿಯುವುದು. 'ಸಬ್ಬರ' ಮುರಿದ, 'ಯಿಸಬ್ರಾಲ್' ಮುರಿಯುತ್ತಾನೆ, 'ತಸಬ್ಬರ' ಮುರಿದುಹೋಯಿತು. ಭೂತಕಾಲದಲ್ಲಿ ಬ ದ್ವಿತ್ವವಾಯಿತು, ಯಿಸಬ್ರಾಲ್‌ನಲ್ಲಿ ಒಂಟಿಯಾಯಿತು. ಬೇಕು ಎಂಬರ್ಥದ 'ಫಲ್ಲಗ'ದಲ್ಲಿ ಮಾತ್ರ ದ್ವಿತ್ವ ಎರಡು ಕಡೆಯೂ ಉಳಿಯುತ್ತದೆ. ಯಾವ ಧಾತು ಯಾವ ಗುಂಪಿನದೆಂದು ಲಿಪಿ ಹೇಳದು.

ಜಾರ್ಜಿಯನ್‌ನಲ್ಲಿ ಕಾಲ ಬದಲಾದರೆ ಕರ್ತೃವಿನ ವಿಭಕ್ತಿಯೇ ಬದಲಾಗುತ್ತದೆ. ಗಂಡಸು ಪತ್ರ ಬರೆಯುತ್ತಾನೆ: 'ಕಾ'ತ್ಸಿ ತ್ಸೆ'ರ್ಸ್ ತ್ಸೆ'ರಿಲ್ಸ್'. ಬರೆದ: 'ಕಾ'ತ್ಸ್‌ಮಾ ದಾತ್ಸೆ'ರಾ ತ್ಸೆ'ರಿಲಿ'. ಬರೆದಿದ್ದಾನಂತೆ: 'ಕಾ'ತ್ಸ್‌ಸ್ ದಾಉತ್ಸೆ'ರಿಯಾ ತ್ಸೆ'ರಿಲಿ'. ಗಂಡಸು ಮೂರು ವಾಕ್ಯಗಳಲ್ಲಿ ಮೂರು ವಿಭಕ್ತಿಯಲ್ಲಿದ್ದಾನೆ. ಕೋಷ್ಟಕ ಉರುಹಚ್ಚುವುದಕ್ಕಿಂತ ಈ ಮೂರನ್ನೇ ಬಾಯಿಗೆ ತಂದುಕೊಂಡು, ಬೇರೆ ಕ್ರಿಯಾಪದಗಳನ್ನು ಅದೇ ಅಚ್ಚಿಗೆ ಹಾಕುತ್ತ ಹೋಗುವುದು ಮೇಲು. ಲಿಂಗಭೇದದ ತೊಂದರೆಯಂತೂ ಇಲ್ಲಿಲ್ಲ. ಅವನು, ಅವಳು, ಅದು ಎಲ್ಲಕ್ಕೂ 'ಇಸ್'. ಅಮ್ಹಾರಿಕ್‌ನಲ್ಲಿ ಎದುರಿಗಿರುವವರು ಗಂಡೋ ಹೆಣ್ಣೋ ಎಂಬುದರ ಮೇಲೆ 'ನೀನು' ಕೂಡ ಬೇರೆ: 'ಅಂತ', 'ಅಂಚಿ'. ಗೌರವಕ್ಕೆ ಬಹುವಚನದ ಕ್ರಿಯಾಪದ ಬಳಸುವುದು ಮಾತ್ರ 'ಅವರು ಬಂದರು' ಎನ್ನುವ ನಮ್ಮ ಪದ್ಧತಿಯೇ.

ಹಸಿವಿನ ವಿಷಯದಲ್ಲಿ ಎರಡೂ ನಮ್ಮ ಕಡೆಯವೇ. ಜಾರ್ಜಿಯನ್ 'ಮ್‌ಶಿಯಾ', ಅಮ್ಹಾರಿಕ್ 'ರಾಬಞ್', ಎರಡರಲ್ಲೂ ಹಸಿದವನು ಕರ್ತೃವಲ್ಲ, ಹಸಿವು ಅವನಿಗೆ ಆಗುತ್ತದೆ. ಅಲ್ಲಿ ಮುಂದಿನ 'ಮ್', ಇಲ್ಲಿ ಹಿಂದಿನ 'ಞ್', ಎರಡೂ 'ನನಗೆ' ಎಂಬುದರ ಕೆಲಸ ಮಾಡುತ್ತವೆ. 'ನನಗೆ ಹಸಿವಾಗಿದೆ' ಎಂದು ಯೋಚಿಸುವವರಿಗೆ ಇದು ತಾನಾಗಿಯೇ ಬರುತ್ತದೆ, ನಡುವೆ ಇಂಗ್ಲಿಷ್ ಪಠ್ಯಪುಸ್ತಕ ತಂದರೆ ಕೈತಪ್ಪುತ್ತದೆ.

ನಿಷೇಧದಲ್ಲೂ ಹಾಗೆಯೇ. ಅಮ್ಹಾರಿಕ್ ಕ್ರಿಯಾಪದವನ್ನು ಎರಡು ಕಡೆಯಿಂದ ಹಿಡಿಯುತ್ತದೆ: 'ಆಲ್‌ಮತ್ತಾ'ಮ್', ಬರಲಿಲ್ಲ. ಮುಖ್ಯವಾಕ್ಯದಲ್ಲಿ ಕೊನೆಯ 'ಮ್' ಬಿಡುವಂತಿಲ್ಲ. ಹೊಸಬರು ಬಿಡುವುದು ಅದನ್ನೇ. ಜಾರ್ಜಿಯನ್‌ನಲ್ಲಿ 'ಆರ್', 'ವೆರ್', 'ನು' ಎಂದು ಮೂರು: ಇಲ್ಲ, ಆಗದು, ಬೇಡ. 'ಆರ್ ಮೊವೇದಿ' ಎಂದರೆ ಬರಲಿಲ್ಲ, ಅಂದರೆ ಮನಸ್ಸಿರಲಿಲ್ಲ ಎಂದೂ ಕೇಳಿಸಬಹುದು. 'ವೆರ್ ಮೊವೇದಿ' ಎಂದರೆ ಬರಲಾಗಲಿಲ್ಲ. ಕರೆದವರ ಮುಂದೆ ಕ್ಷಮೆ ಕೇಳುವಾಗ ಎರಡನೆಯದನ್ನೇ ಹೇಳಬೇಕು.