ಇಬ್ಬರೂ ಒಪ್ಪಿರುವಾಗ ವಕೀಲರಿಗೆ ತೋರಿಸುವುದೇಕೆ?

ವಿಚ್ಛೇದನದ ನಂತರ ಬೇರೆಯಾಗಿ ಬಾಳುತ್ತಿರುವ ತಂದೆತಾಯಿಗಳು ನನ್ನನ್ನು ಮತ್ತೆಮತ್ತೆ ಕೇಳುವ ಪ್ರಶ್ನೆ ಇದು: “ಕೆಲವು ತಿಂಗಳ ಮಟ್ಟಿಗೆ ಮಗು ಇನ್ನೊಬ್ಬರ ಮನೆಯಲ್ಲಿರಲಿ ಎಂದು ಇಬ್ಬರೂ ಜಗಳವಿಲ್ಲದೆ ಒಪ್ಪಿ ಬರೆದಿಟ್ಟಿದ್ದೇವೆ, ಅದನ್ನು ವಕೀಲರಿಗೆ ತೋರಿಸಲೇಬೇಕೇ?” ಒಬ್ಬರ ಶಸ್ತ್ರಚಿಕಿತ್ಸೆಯಿರಲಿ, ದೂರದೂರಿನ ಕೆಲಸವಿರಲಿ, ನನ್ನ ಉತ್ತರ ಹೌದು ಎಂದೇ, ಅದೂ ಸಹಿ ಹಾಕುವ ಮೊದಲು.

ಸುಪರ್ದಿಯ ಬಗ್ಗೆ, ಅಂದರೆ ಮಗು ಯಾರ ಬಳಿ ಇರಬೇಕೆಂಬ ಬಗ್ಗೆ, ನ್ಯಾಯಾಲಯದ ಆದೇಶ ಈಗಾಗಲೇ ಇದ್ದರೆ, ತಂದೆತಾಯಿ ತಮ್ಮೊಳಗೆ ಬರೆದುಕೊಂಡ ಕಾಗದದಿಂದ ಅದು ಸಾಮಾನ್ಯವಾಗಿ ಬದಲಾಗುವುದಿಲ್ಲ. ಸೌಹಾರ್ದ ಇರುವಷ್ಟು ದಿನ ಇದು ಯಾರ ಗಮನಕ್ಕೂ ಬರುವುದಿಲ್ಲ. ಮನಸ್ತಾಪ ಹುಟ್ಟಿದಾಗ ಮಾತ್ರ, ಮಗುವನ್ನು ಇಟ್ಟುಕೊಂಡವರ ಮೇಲೆ ಆದೇಶ ಉಲ್ಲಂಘನೆಯ ಆರೋಪ ಬರಬಹುದು, ಈಗ ಮಗುವನ್ನು ಸಾಕುತ್ತಿರುವವರೇ ಹಳೆಯ ಆದೇಶದಂತೆ ಇನ್ನೊಬ್ಬರಿಗೆ ಕೊಡಬೇಕಾದ ಜೀವನಾಂಶದ ಬಾಕಿ ಬೆಳೆದಿರಲೂಬಹುದು. ಆದ್ದರಿಂದ ಒಪ್ಪಂದವನ್ನು ಜಂಟಿ ಅರ್ಜಿಯ ಮೂಲಕ ನ್ಯಾಯಾಲಯದ ಮುಂದಿಟ್ಟು ಆದೇಶವಾಗಿಸಿಕೊಳ್ಳಬೇಕೇ ಎಂಬುದೇ ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ. ಇಬ್ಬರ ಒಪ್ಪಿಗೆ ಇದೆ ಎಂದ ಮಾತ್ರಕ್ಕೆ ನ್ಯಾಯಾಧೀಶರು ಅನುಮೋದಿಸಲೇಬೇಕೆಂದಿಲ್ಲ. ಮಗುವಿನ ಹಿತಕ್ಕೆ ಪ್ರಾಧಾನ್ಯ ಕೊಡಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿ ಹೇಳುತ್ತದೆ. ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಮಗುವಿನ ಅಭಿಪ್ರಾಯಕ್ಕೂ ಬೆಲೆ ಕೊಡಬೇಕೆನ್ನುವುದು 12ನೇ ವಿಧಿ.

ನಾನು ನೋಡುವ ಕರಡುಗಳಲ್ಲಿ ಅತ್ಯಂತ ದುರ್ಬಲವಾಗಿರುವುದು ಅವಧಿಯ ಭಾಗ. “ಪರಿಸ್ಥಿತಿ ಸುಧಾರಿಸುವವರೆಗೆ” ಎಂದು ಬರೆದರೆ, ಸುಧಾರಿಸಿತೇ ಇಲ್ಲವೇ ಎಂದು ನಿರ್ಧರಿಸುವವರು ಯಾರು? ಹೊಸ ಶಾಲೆಗೂ ಗೆಳೆಯರಿಗೂ ಹೊಂದಿಕೊಂಡ ಮಗುವನ್ನು ಅಲ್ಲಿಂದ ಕದಲಿಸಲು ನ್ಯಾಯಾಲಯಗಳು ಹಿಂಜರಿಯುವುದುಂಟು. ಹಾಗಾಗಿ ಮುಗಿಯುವ ದಿನಾಂಕ, ಆ ಬಳಿಕ ಯಾವ ವ್ಯವಸ್ಥೆಗೆ ಮರಳಬೇಕು ಎಂಬುದು, ವಿಸ್ತರಣೆಗೆ ಇಬ್ಬರ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತು, ಈ ಏರ್ಪಾಡು ಶಾಶ್ವತ ಸುಪರ್ದಿಗೆ ಆಧಾರವಾಗಬಾರದು ಎಂಬ ಮಾತು, ಇಷ್ಟೂ ಕಾಗದದಲ್ಲಿರಲಿ. ಕೊನೆಯ ಷರತ್ತು ನ್ಯಾಯಾಧೀಶರ ಕೈ ಕಟ್ಟಿಹಾಕಲಾರದು ನಿಜ, ಆದರೆ ಒಪ್ಪುವಾಗ ನಿಮ್ಮ ಉದ್ದೇಶವೇನಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಉಳಿಯುತ್ತದೆ.

ಮಗು ಗಡಿ ದಾಟಿ ಬೇರೆ ದೇಶಕ್ಕೆ ಹೋಗುವುದಾದರೆ ದಿನಾಂಕದ ತೂಕ ಇನ್ನೂ ಹೆಚ್ಚು. ಮಕ್ಕಳನ್ನು ಅಕ್ರಮವಾಗಿ ಬೇರೆ ದೇಶಕ್ಕೆ ಒಯ್ಯುವುದು ಅಥವಾ ಅಲ್ಲಿ ಉಳಿಸಿಕೊಳ್ಳುವುದರ ಕುರಿತ 1980ರ ಹೇಗ್ ಒಡಂಬಡಿಕೆಯು ತಮ್ಮ ನಡುವೆ ಜಾರಿಯಲ್ಲಿರುವ ದೇಶಗಳಲ್ಲಿ, ಅಕ್ರಮವಾಗಿ ಉಳಿಸಿಕೊಂಡ ಮಗುವನ್ನು ಹಿಂದಿರುಗಿಸುವಂತೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದವರ ಸ್ಥಿತಿ, ತಡಮಾಡಿದವರದಕ್ಕಿಂತ ಬಲವಾಗಿರುತ್ತದೆ. ಎದುರು ಪಕ್ಷದವರು “ಇವರೇ ಒಪ್ಪಿ ಕಳುಹಿಸಿದ್ದರು” ಎಂದು ವಾದಿಸಲೂ ಅಲ್ಲಿ ಅವಕಾಶವಿದೆ. ನೀವು ಒಪ್ಪಿದ್ದು ಯಾವ ದಿನದವರೆಗೆ ಎಂಬುದನ್ನು ತೋರಿಸಲು ನಿಮ್ಮಲ್ಲಿ ಆ ಕಾಗದವಿರಬೇಕು.

ಖರ್ಚು ಉಳಿಸಲು ಒಬ್ಬರೇ ವಕೀಲರು ಸಾಕಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಎಷ್ಟೇ ಸ್ನೇಹವಿದ್ದರೂ ಇಬ್ಬರ ಹಿತಾಸಕ್ತಿ ಒಂದೇ ಅಲ್ಲ, ಆದ್ದರಿಂದ ಪರಿಶೀಲನೆ ಬೇರೆಬೇರೆಯಾಗಿ ಆಗಲಿ. ಮಧ್ಯಸ್ಥಿಕೆದಾರರು ಮಾತುಕತೆಗೆ ನೆರವಾಗುತ್ತಾರೆಯೇ ಹೊರತು ಯಾರೊಬ್ಬರ ಪರವಾಗಿಯೂ ಕಾನೂನು ಸಲಹೆ ಕೊಡುವುದಿಲ್ಲ. ಪ್ರಕರಣವನ್ನೇ ಒಪ್ಪಿಸದೆ, ಕರಡಿನ ಪರಿಶೀಲನೆಗಷ್ಟೇ ವಕೀಲರನ್ನು ನೇಮಿಸಿಕೊಳ್ಳುವ ಅವಕಾಶ ಹಲವೆಡೆ ಇದೆ. ಹೋಗುವಾಗ ಹಳೆಯ ಆದೇಶದ ಪ್ರತಿಯನ್ನೂ ಕರಡನ್ನೂ ಒಯ್ಯಿರಿ. ಈ ಅವಧಿಯಲ್ಲಿ ಆಸ್ಪತ್ರೆಯಲ್ಲಿ ಸಹಿ ಯಾರದು, ಪಾಸ್‌ಪೋರ್ಟ್ ಯಾರ ಬಳಿ, ರಜೆಯಲ್ಲಿ ಮಗು ಎಲ್ಲಿರಬೇಕು ಎಂಬುದನ್ನು ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ ವಕೀಲರ ಸಮಯವೂ ನಿಮ್ಮ ಹಣವೂ ಉಳಿಯುತ್ತದೆ.